ಗಿಟಾರಿಗೆ ಸುಳಿ ನೋಡಿದ ಕಾಟಯ್ಯ

ನಮ್ಮಪ್ಪ ಕಾಟಯ್ಯ ಯಾರನ್ನು ಕಂಡರೂ ಮೊದಲು ಹಲ್ಲು ನೋಡುತ್ತಾನೆ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತ ನಲವತ್ತು ವರ್ಷ ದಲ್ಲಾಳಿಯಾಗಿದ್ದವನಿಗೆ ಅದು ಬಿಡಲಾಗದ ಚಟ. ನನ್ನನ್ನು ನೋಡಲು ಬಂದ ಮೊದಲ ಗಂಡು ಉಪ್ಪಿಟ್ಟಿಗೆ ಬಾಯಿ ತೆರೆದದ್ದೇ ತಡ, ಅಪ್ಪ ಅಡುಗೆಮನೆಗೆ ಬಂದು, "ಜಾತಕದಾಗೆ ಇಪ್ಪತ್ತೆಂಟು ಐತೆ, ಬಾಯಾಗೆ ಮೂವತ್ತಾರು ಐತೆ. ಬ್ಯಾಡ" ಅಂದಿದ್ದ. ಆಮೇಲೆ ವಿಚಾರಿಸಿದರೆ ಮೂವತ್ತೈದು. ಒಂದು ವರ್ಷ ತಪ್ಪಿತಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಎರಡನೆಯವನಾಗಿ ಬಂದ ರಾಮಾಂಜನೇಯ ನಗುಮುಖದವನು, ಹಲ್ಲೆಲ್ಲ ತಾವಾಗಿಯೇ ಕಾಣಿಸಿದವು, ಪಾಸಾದ. ನಮ್ಮ ಮದುವೆಯಾಗಿ ಹದಿಮೂರು ವರ್ಷವಾಯಿತು, ಇನ್ನೂ ನಗುತ್ತಲೇ ಇದ್ದಾನೆ.

ಹಲ್ಲಿನ ನಂತರ ಸುಳಿ. ದನದ ಮೈಮೇಲೆ ಕೂದಲು ಸುತ್ತಿಕೊಂಡ ಜಾಗವೇ ಸುಳಿ, ಅದು ಎಲ್ಲಿದೆ ಎಂಬುದರ ಮೇಲೆ ಎತ್ತಿನ ರೇಟು. ಹಣೆಯ ನಡುವೆ ಒಂದೇ ಸುಳಿಯಿದ್ದರೆ ಮನೆಗೆ ಒಳ್ಳೆಯದು. ಕಣ್ಣಿನ ಕೆಳಗಿದ್ದರೆ ಅದು ಕಣ್ಣೀರು ಸುಳಿ, ಕೊಂಡವನ ಮನೆಯಲ್ಲಿ ಅಳು ತಪ್ಪಿದ್ದಲ್ಲ. ನಮ್ಮ ಹರಿಯಬ್ಬೆಯ ಸುತ್ತಿನ ಹಳ್ಳಿಯವರು ಅಪ್ಪನಿಗೆ ತೋರಿಸದೆ ಎತ್ತು ಕಟ್ಟುತ್ತಿರಲಿಲ್ಲ. ರೇಟನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅಪ್ಪನ ಕೆಂಪು ಟವೆಲಿನ ಅಡಿ ಕೈ ಕೈ ಸೇರಿಸಿ, ಬೆರಳು ಹಿಡಿದು ಹೇಳಬೇಕು. ಟವೆಲಿನ ಒಳಗಿನ ಮಾತು ಹೊರಗೆ ಬರಬಾರದು, ಹೆಣ್ಣಿನ ಕೈ ಟವೆಲಿನ ಒಳಗೆ ಹೋಗಬಾರದು. ಏಳು ವರ್ಷದವಳಿದ್ದಾಗ ಒಮ್ಮೆ ಕೈ ತೂರಿಸಿ ಬೆನ್ನಿಗೆ ಗುದ್ದು ತಿಂದಿದ್ದೆ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಈಗ ಊರ ತುಂಬ ಟ್ರ್ಯಾಕ್ಟರು. "ಹಲ್ಲಿಲ್ಲ, ಸುಳಿ ಇಲ್ಲ, ಅದನ್ನ ಏನಂತ ನೋಡಿ ತಗಂತಾರೋ" ಎಂದು ಬೈಯುತ್ತ ಅಪ್ಪ ದಿನಾ ಹಿರಿಯೂರಿಗೆ ಬಂದು ನನ್ನ ಅಂಗಡಿಯಲ್ಲಿ ಕೂರುತ್ತಾನೆ. ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಕಸುಬು. ಬೋರ್ಡಿನ ಮೇಲೆ 'ಸುಚಿತ್ರಾ ವೈಂಡಿಂಗ್ ವರ್ಕ್ಸ್' ಎಂದು ಓದಿದ ಹೊಸ ಗಿರಾಕಿಗಳು ಒಳಗೆ ಬಂದು, "ಮೇಸ್ತ್ರಿ ಎಲ್ಲವ್ರೆ?" ಎಂದು ನನ್ನನ್ನೇ ಕೇಳುತ್ತಾರೆ. ಅಂಥವರ ಮೋಟರನ್ನು ನಾನು ಒಂದು ದಿನ ತಡವಾಗಿ ಕೊಡುತ್ತೇನೆ.

ನಾಲ್ಕು ವರ್ಷದ ಹಿಂದೆ ಆರ್ಕೆಸ್ಟ್ರಾದವರೊಬ್ಬರು ಒಂದು ಎಲೆಕ್ಟ್ರಿಕ್ ಗಿಟಾರ್ ತಂದಿಟ್ಟರು. ವ್ಯಾನಿನ ಚಕ್ರದ ಕೆಳಗೆ ಸಿಕ್ಕಿ ಮೈಯೆಲ್ಲ ಚೂರಾಗಿತ್ತು, ಉದ್ದನೆಯ ಕತ್ತು ಮಾತ್ರ ನೆಟ್ಟಗಿತ್ತು. "ಇದು ಬದುಕಲ್ಲ" ಎಂದು ಫೋನ್ ಮಾಡಿದರೆ, "ನೀವೇ ಇಟ್ಕಳ್ರಿ ಮೇಡಂ" ಅಂದುಬಿಟ್ಟರು. ಬಿಚ್ಚಿ ನೋಡಿದೆ. ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಸುರುಳಿ. ತಂತಿಯ ದನಿ ಹಿಡಿಯುವುದು ಅದೇ. ಅಯ್ಯೋ, ಇದು ನಮ್ಮ ಕಸುಬೇ! ತುಂಡಾದ ಸುರುಳಿ ಕಿತ್ತು ಏಳು ಸಾವಿರ ಸುತ್ತು ಹೊಸದಾಗಿ ಸುತ್ತಿದೆ. ಹಲಗೆಗೆ ಮೊಳೆ ಹೊಡೆದು ಒಂದು ತಂತಿ ಬಿಗಿದು, ಕೆಳಗೆ ಸುರುಳಿ ಇಟ್ಟು, ಸ್ಪೀಕರಿಗೆ ಕೊಟ್ಟು ಮೀಟಿದಾಗ 'ಟ್ರೊಂಯ್' ಅಂದಿತು. ನಾನು ಗ್ರೀಸ್ ಕೈಯಲ್ಲೇ ಅಂಗಡಿ ತುಂಬ ಕುಣಿದೆ. ಎದುರಿನ ಟೀ ಅಂಗಡಿಯವರು ನನಗೆ ಶಾಕ್ ಹೊಡೆಯಿತೆಂದು ಕೋಲು ಹಿಡಿದು ಓಡಿಬಂದರು.

ಅವತ್ತಿನಿಂದ ಹುಚ್ಚು. ಸಂಗೀತ ಹೇಳಿಕೊಡುವ ಮಂಗಳಾ ಟೀಚರ ಬಳಿ ಅವರ ಮಾಮೂಲಿ ಗಿಟಾರಿನಲ್ಲಿ ಭಾನುವಾರ ಭಾನುವಾರ ಕಲಿತೆ. ನಾನು ನುಡಿಸಲು ಕೂತರೆ ಅಪ್ಪ ಮಾತ್ರ ಇಲ್ಲದ ದನಕ್ಕೆ ಹುಲ್ಲು ಹಾಕಲು ಎದ್ದು ಹೋಗುತ್ತಿದ್ದ. ಒಂದು ತಗಡಿನ ಡಬ್ಬಿಯಲ್ಲಿ ಸಾಮಾನು ಕೂಡಿಸಿದೆ: ಎರಡು ಸುರುಳಿ, ತಂತಿ, ಕಿವಿ ಹಿಂಡಿ ಶ್ರುತಿ ಮಾಡುವ ತಿರುಪುಗಳು, ಮತ್ತೆ ಅವ್ವನ ರೇಡಿಯೊದ ದಪ್ಪ ಬಿಳಿ ಗುಂಡಿ. ನಮ್ಮವ್ವ ಪಾಲಮ್ಮ ತೀರಿಕೊಂಡು ಇಪ್ಪತ್ತು ವರ್ಷ. ರೇಡಿಯೊ ಎಲ್ಲಿ ಹೋಯಿತೋ, ಗುಂಡಿ ಉಳಿದಿತ್ತು. ನನ್ನ ಗಿಟಾರಿನ ದನಿ ಏರಿಸಿ ಇಳಿಸುವುದಕ್ಕೆ ಅದೇ ಗುಂಡಿ ಎಂದು ಮೊದಲ ದಿನವೇ ತೀರ್ಮಾನಿಸಿದ್ದೆ. ಎಲ್ಲ ಇತ್ತು, ಮೈ ಒಂದಿರಲಿಲ್ಲ. ಹೊಸದರ ರೇಟು ಕೇಳಿ ತೆಪ್ಪಗಾಗಿದ್ದೆ.

ಅಷ್ಟರಲ್ಲಿ ಮಂಗಳಾ ಟೀಚರು ಮಹಿಳಾ ಸಂಘದ ವಾರ್ಷಿಕೋತ್ಸವದ ಕರಪತ್ರ ತಂದು ತೋರಿಸಿದರು. 'ಎಲೆಕ್ಟ್ರಿಕ್ ಗಿಟಾರ್: ಶ್ರೀಮತಿ ಸುಚಿತ್ರಾ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ನನ್ನನ್ನು ಕೇಳದೆಯೇ ಅವರು ಹೆಸರು ಕೊಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ! ಇನ್ನು ಮೂರೇ ವಾರ. ನಾನು ಬೆವರುತ್ತಿರುವಾಗ ಆ ಆರ್ಕೆಸ್ಟ್ರಾದವರಿಂದ ಫೋನಿಗೊಂದು ಜಾಹೀರಾತಿನ ಫೋಟೊ ಬಂತು. ಹೊಸದುರ್ಗದಲ್ಲಿ ಶರಣ್ ಎಂಬವರು ಕಂಪ್ಯೂಟರ್ ಮಿಷನ್ನಿನಲ್ಲಿ ಗಿಟಾರಿನ ಮೈ ಕತ್ತರಿಸಿ ದೊಡ್ಡ ಊರಿಗೆ ಕಳಿಸುತ್ತಾರಂತೆ, ಸಣ್ಣಪುಟ್ಟ ಐಬು ಇದ್ದವನ್ನು ಅರ್ಧ ರೇಟಿಗೆ ಕೊಡುತ್ತಾರಂತೆ.

'ಅರ್ಧ ರೇಟು' ಎಂದು ನಾನು ಜೋರಾಗಿ ಓದಿದ್ದೇ ತಡ, ಮೂಲೆಯಲ್ಲಿ ತೂಕಡಿಸುತ್ತಿದ್ದ ಅಪ್ಪ ಕಣ್ಣು ಬಿಟ್ಟ.

"ಐಬು ಐತೆ ಅಂತ ಅವರೇ ಹೇಳ್ತಾರಾ?"

"ಹೂಂ."

"ಹೇಳ್ದೇ ಇರೋ ಐಬು ಬ್ಯಾರೆ ಇರ್ತವೆ. ನಡಿ, ಹೋಗಾಣ."

ಮಾರನೆಯ ದಿನ ಬಸ್ಸಿನಲ್ಲಿ ಅಪ್ಪ ಮದುವೆಗೆ ಹೊರಟವನ ಹಾಗೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಕೆಂಪು ಟವೆಲು. ಎಷ್ಟು ವರ್ಷವಾಗಿತ್ತೋ ಅವನು ಹೀಗೆ ವ್ಯಾಪಾರಕ್ಕೆ ಹೋಗಿ. ಕಂಡಕ್ಟರು ಚಿಲ್ಲರೆ ಕೊಡುವಾಗ ಅವನ ಹಲ್ಲನ್ನೂ ನೋಡಿದ.

ಶರಣ್ ಮೂವತ್ತರ ಆಸುಪಾಸಿನ ಮೃದು ಮನುಷ್ಯ, ಹುಬ್ಬಿನ ಮೇಲೆಲ್ಲ ಮರದ ಹುಡಿ. "ಬರ್ರಿ ಬರ್ರಿ, ಕುಂತ್ಕಳ್ರಿ" ಎಂದು ಸ್ಟೂಲು ಎಳೆದರು. ಅಪ್ಪ ಕೂರಲಿಲ್ಲ. ಗೋಡೆಗೆ ಹನ್ನೊಂದು ಗಿಟಾರಿನ ಮೈಗಳು ಸಾಲಾಗಿ ಒರಗಿದ್ದವು. ಐಬಿದ್ದ ಕಡೆಯೆಲ್ಲ ಚಾಕ್‌ಪೀಸಿನ ಗುರುತು. ಅಪ್ಪ ಸಾಲಿನ ಮುಂದೆ ಒಮ್ಮೆ ನಡೆದು ಹೋದ, ವಾಪಸು ಬಂದ, ಅವನ ಮುಖದಲ್ಲಿ ಬೆಳಕು ಹತ್ತಿತು.

"ಲೇ ಸುಚಿ, ಇದಕ್ಕೆ ಕೊಂಬು ಅವೆ!"

ನಿಜವೇ. ಗಿಟಾರಿನ ಮೈಗೆ ಕತ್ತು ಸೇರುವ ಕಡೆ ಎರಡು ಕೊಂಬು ಇರುತ್ತವೆ. ಸುರುಳಿಗಳನ್ನು ಇಡಲು ಕೊರೆದ ಎರಡು ಗುಳಿ ಅಪ್ಪನಿಗೆ ಕಣ್ಣಾಗಿ ಕಂಡವು. ಮುಗಿಯಿತು, ಇನ್ನು ಅವನನ್ನು ಹಿಡಿಯುವವರಿಲ್ಲ. ಒಂದೊಂದನ್ನೇ ಎತ್ತಿ ತೂಗಿದ, ಮೂಸಿದ, ಬೆನ್ನು ಸವರಿದ, ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಇಟ್ಟ. ಐದನೆಯದನ್ನು ಕುಟ್ಟಿ, "ಇದು ಒಳಗೆ ಸೀಳೈತೆ" ಅಂದ. ಶರಣ್ ನಕ್ಕರು, "ಇಲ್ಲಜ್ಜಾ, ಅದಕ್ಕೆ ಗೀರು ಮಾತ್ರ." ಅಪ್ಪ ಕೊಂಬನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಅಮುಕಿದ. ಕೂದಲೆಳೆಯಷ್ಟು ಬಿರುಕು ಬಾಯಿ ತೆರೆದು ಮುಚ್ಚಿಕೊಂಡಿತು. ಶರಣ್ ನಗು ನಿಲ್ಲಿಸಿ ಅಪ್ಪನಿಗೆ ಟೀ ತರಿಸಿದರು.

ಅಷ್ಟರಲ್ಲಿ ನಾನು ಮನಸ್ಸು ಕೊಟ್ಟಾಗಿತ್ತು. ಒಂಬತ್ತನೆಯದು, ಶಿವನೆ ಮರದ್ದು, ಜೇನು ಬಣ್ಣ, ಎತ್ತಿದರೆ ಹಗುರ. ಎದೆಗೆ ಒತ್ತಿಕೊಂಡರೆ ಅಲ್ಲೇ ಹುಟ್ಟಿತ್ತೇನೋ ಎಂಬಂತೆ ಕೂತಿತು. ನನಗೆ ನಗು ತಡೆಯಲಾಗಲಿಲ್ಲ, ಸುಮ್ಮಸುಮ್ಮನೆ ನಗುತ್ತಿದ್ದೆ. ಐಬು ಎಂದರೆ ಒಂದೇ, ಹೆಬ್ಬೆರಳ ಉಗುರಿನಷ್ಟು ಕಪ್ಪು ಗಂಟು.

ಅಪ್ಪ ಬಂದ, ಗಂಟು ನೋಡಿದ, ಅದರ ಮೇಲಿನ ಗುಳಿ ನೋಡಿದ. ಅವನ ಮುಖ ಇಳಿಯಿತು.

"ಕಣ್ಣಿನ ಕೆಳಗೆ ಐತೆ. ಬ್ಯಾಡ."

"ಅಪ್ಪಾ, ಇದು ಮರ!"

"ಮರಾನೇ. ಬ್ಯಾಡ" ಎಂದವನೇ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತ.

ನನಗೆ ಮೈಯೆಲ್ಲ ಉರಿಯಿತು. ಹಿಂದೆಯೇ ಹೋದೆ. ಅಪ್ಪ ಬೇಡ ಅಂದರೂ ದುಡ್ಡು ನನ್ನದು, ತರಬಹುದಿತ್ತು. ಆದರೆ ಅವನು ಕಣ್ಣೀರು ಸುಳಿ ಅಂದ ಮೇಲೆ, ಅದನ್ನು ತಂದು ಮನೆಯಲ್ಲಿ ನುಡಿಸಿದಾಗಲೆಲ್ಲ ಅವನು ಹೆದರಿ ಕೂರುತ್ತಾನೆ. ಅಂಥ ಗಿಟಾರ್ ನನಗೆ ಬೇಡ. ಅವನು ಹೂಂ ಅನ್ನಬೇಕು, ಅದೂ ಇವತ್ತೇ.

"ಏನಾಯ್ತಪ್ಪ ನಿನಗೆ?"

ಅಪ್ಪ ನೆಲ ನೋಡುತ್ತ ಹೇಳಿದ, "ನಿಮ್ಮವ್ವ ತೀರ್ಕಂಡ ವರ್ಷ ಒಂದು ಬಿಳೀ ಎತ್ತು ತಂದಿದ್ದೆ, ನೆಪ್ಪೈತಾ? ಅದಕ್ಕೆ ಕಣ್ಣೀರು ಸುಳಿ ಇತ್ತು. ಊರಿಗೆಲ್ಲ ಬ್ಯಾಡ ಅನ್ನೋನು ನಾನೇ. ಅರ್ಧ ರೇಟಿಗೆ ಸಿಕ್ತು ಅಂತ ಹಿಗ್ಗಿ ತಂದು ಕಟ್ಟಿದೆ. ಎರಡು ತಿಂಗಳಿಗೆ ಅವಳು ಹೋದ್ಲು."

ಈ ಮಾತನ್ನು ಅವನು ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಅವ್ವನಿಗೆ ಕಾಮಾಲೆ ಆಗಿತ್ತಪ್ಪ. ಡಾಕ್ಟ್ರು ಹೇಳಿರಲಿಲ್ವಾ?"

"ತಲೆಗೆ ಗೊತ್ತು ಕಣವ್ವ. ಹೊಟ್ಟೆಗೆ ಗೊತ್ತಿಲ್ಲ."

ನಾನೂ ಅವನ ಪಕ್ಕ ಕೂತೆ. ಅಳತೆ ನೋಡಲೆಂದು ತಂದಿದ್ದ ತಗಡಿನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಏನು ಮಾಡಲೂ ತೋಚದೆ ಅದರ ಮುಚ್ಚಳ ತೆಗೆದೆ, ಅವ್ವನ ಬಿಳಿ ಗುಂಡಿ ಕಣ್ಣಿಗೆ ಬಿತ್ತು. ಎದ್ದು ಒಳಗೆ ಓಡಿದೆ. ಗುಂಡಿಯನ್ನು ಕಪ್ಪು ಗಂಟಿನ ಮೇಲಿಟ್ಟೆ. ಗಂಟು ಪೂರ್ತಿ ಮುಚ್ಚಿಹೋಯಿತು. ಮೀಟುವ ಕೈಯ ಕಿರುಬೆರಳಿಗೆ ಎಟುಕುವ ಜಾಗ. ಗುಂಡಿಗೆಂದು ಎಲ್ಲಾದರೂ ಒಂದು ರಂಧ್ರ ಕೊರೆಯಲೇಬೇಕಿತ್ತು.

"ಅಪ್ಪಾ, ಬಾರೋ ಇಲ್ಲಿ! ಸುಳಿಯನ್ನೇ ಕೊರೆದು ತೆಗೆಸ್ತೀನಿ. ಆ ಜಾಗಕ್ಕೆ ಅವ್ವ ಕುಂತ್ಕಂತಾಳೆ!"

ಅಪ್ಪ ಬಾಗಿಲಲ್ಲೇ ನಿಂತು ನೋಡಿದ. ಬಂದು ಗುಂಡಿಯನ್ನು ಮುಟ್ಟಿ, ಹಿಂದೆ ಅವ್ವ ತಿರುಗಿಸುತ್ತಿದ್ದ ಹಾಗೆ ಒಮ್ಮೆ ತಿರುಗಿಸಿದ. ಆಮೇಲೆ ಹೆಗಲಿನ ಟವೆಲು ತೆಗೆದು ಕೊಡವಿ, ಶರಣ್ ಕಡೆ ತಿರುಗಿದ.

"ಕೈ ಕೊಡ್ರಿ ಸಾಹುಕಾರ್ರೆ."

"ಅಜ್ಜಾ, ಅರ್ಧ ರೇಟು ಆಗಲೇ ಬರೆದೈತಲ್ಲ..."

"ಬರೆದಿದ್ದು ಗೋಡೆಗೆ. ಕೈ ಕೊಡ್ರಿ."

ಟವೆಲಿನ ಒಳಗೆ ಕೈ ಹಾಕಿದ ಶರಣ್ ಕಿರುಚಿದರು. ಅವರಿಗೆ ವಿಪರೀತ ಕಚಗುಳಿ. ಅಪ್ಪ ಒಂದು ಬೆರಳು ಹಿಡಿದರೆ ಅವರು ಕಿಲಕಿಲ, ಎರಡು ಹಿಡಿದರೆ ಬಗ್ಗಿ ಹೊಟ್ಟೆ ಹಿಡಿದುಕೊಂಡರು. "ಆಯ್ತಜ್ಜ, ಬಿಡ್ರಿ, ಆಯ್ತು, ಅಯ್ಯಯ್ಯಪ್ಪಾ!" ಅಪ್ಪ ಬಿಟ್ಟರೆ ತಾನೆ? ಬರೆದ ರೇಟಿನಿಂದ ಇನ್ನೂ ಒಂದಿಷ್ಟು ಇಳಿಸಿಯೇ ಬಿಟ್ಟ. ನನ್ನ ಕಣ್ಣಲ್ಲೂ ನೀರು, ನಕ್ಕು ನಕ್ಕು.

ಶರಣ್ ಕಣ್ಣೊರೆಸಿಕೊಂಡು ಬಿಲ್ಲೆ ಕೊರೆಯುವ ಬ್ಲೇಡು ಹಾಕಿ ಗಂಟಿನ ಸುತ್ತ ಕೊರೆದರು. ಕಪ್ಪು ಬಿಲ್ಲೆ ಉದುರಿ ನೆಲದ ಮೇಲೆ ಉರುಳಿತು. ಅಪ್ಪ ಅದನ್ನು ಎತ್ತಿಕೊಂಡ.

"ಸುಳಿ ತೆಗೆದ್ರೆ ದೋಷ ಹೋಗಲ್ಲ. ಯಾರಾದ್ರೂ ಕೊಂಡ್ಕಬೇಕು. ಸುಮ್ನೆ ಇಸ್ಕಂಡ್ರೆ ನಡೆಯಲ್ಲ, ವ್ಯಾಪಾರ ಆಗ್ಬೇಕು."

"ಇದನ್ನ ಯಾರು ಕೊಂಡ್ಕಂತಾರಪ್ಪ?"

"ನಾನು."

"ನಿನಗ್ಯಾಕೆ ಕಣ್ಣೀರು?"

"ನನಗೆ ಬರೋದು ಬಂದು ಹೋಗೈತೆ. ಎರಡನೇ ಸಲ ಬಂದು ಏನ್ ಕಿತ್ಕಂತದೆ?" ಎಂದು ಅಪ್ಪ ಟವೆಲು ಹರಡಿದ. "ಕೈ ಕೊಡು."

ನಾನು ಸುತ್ತ ನೋಡಿದೆ. ಅವನು ಹೇಳುತ್ತಿದ್ದದ್ದು ನನಗೇ. ಟವೆಲಿನ ಒಳಗೆ ಕೈ ಇಟ್ಟೆ. ಹಗ್ಗ ಹಿಡಿದು ಒರಟಾದ ಕೈ, ಬೆಚ್ಚಗಿತ್ತು. ಎಷ್ಟು ಸಂತೋಷವಾಯಿತೆಂದರೆ ಮೂವತ್ತಾರರ ಹೆಂಗಸು ನಾನು, ಅಲ್ಲೇ ಕುಪ್ಪಳಿಸಿದೆ. "ಅಲ್ಲಾಡಬ್ಯಾಡ" ಎಂದು ಗದರಿಸಿ ಅಪ್ಪ ನನ್ನ ಒಂದು ಬೆರಳು ಹಿಡಿದ. ನಾನು ಅವನ ಐದೂ ಬೆರಳು ಹಿಡಿದೆ.

"ಐದು ಏನು?"

"ಐದು ಹಾಡು. ಮುಂದಿನ ಸಾಲಿನಾಗೆ ಕುಂತು ಕೇಳ್ಬೇಕು. ಹುಲ್ಲು ಹಾಕಾಕೆ ಏಳಂಗಿಲ್ಲ."

ಅಪ್ಪ ಹೌಹಾರಿದ. ಎರಡು ಬೆರಳು ಹಿಡಿದ. ನಾನು ಐದು ಬಿಡಲಿಲ್ಲ. ಕೊನೆಗೆ ಮೂರಕ್ಕೆ ಕುದುರಿತು. ಬಿಲ್ಲೆಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡ. ಎಷ್ಟಕ್ಕಾಯಿತು ಎಂದು ಶರಣ್ ಕೇಳಿದಾಗ, "ಟವೆಲಿನ ಒಳಗಿಂದು ಹೊರಗೆ ಹೇಳಂಗಿಲ್ಲ" ಎಂದು ನಾವಿಬ್ಬರೂ ಒಟ್ಟಿಗೇ ಅಂದೆವು.

ಎರಡು ವಾರ ಅಂಗಡಿಯಲ್ಲಿ ಕೂತು ಕತ್ತು ಜೋಡಿಸಿದೆ, ತಂತಿ ಬಿಗಿದೆ, ಗುಂಡಿ ಕೂರಿಸಿದೆ. ವಾರ್ಷಿಕೋತ್ಸವದ ಮಧ್ಯಾಹ್ನ ವೇದಿಕೆ ಹತ್ತಿ ಅವ್ವನ ಗುಂಡಿ ತಿರುಗಿಸಿದರೆ ಗಿಟಾರ್ ಮೊದಲು 'ಕೀಂಯ್' ಎಂದು ಒದರಿ ಅಧ್ಯಕ್ಷೆಯವರ ಕೈಯಿಂದ ಮಿಕ್ಸ್ಚರ್ ಚೆಲ್ಲಿಸಿತು. ಆಮೇಲೆ ಹಾಡಿತು. ಮುಂದಿನ ಸಾಲಿನಲ್ಲಿ ಇನ್ನೂರು ಹೆಂಗಸರ ಮುಂದೆ ಅಪ್ಪ ಒಬ್ಬನೇ ಗಂಡಸು, ಕೆಂಪು ಟವೆಲು ಹೆಗಲ ಮೇಲೆ, ಕೈ ಎಲೆಅಡಿಕೆ ಚೀಲದ ಮೇಲೆ. ಒಂದು ಹಾಡಾಯಿತು, ಎರಡಾಯಿತು, ಮೂರಾಯಿತು. ಒಪ್ಪಂದ ಮುಗಿಯಿತು.

ಅಪ್ಪ ಎದ್ದ. ಮನೆಗೆ ಹೊರಟ ಅಂದುಕೊಂಡೆ. ನೆಟ್ಟಗೆ ವೇದಿಕೆಯ ಅಂಚಿಗೆ ಬಂದು, ಟವೆಲನ್ನು ಅಂಗೈ ಮೇಲೆ ಹರಡಿ ನನ್ನ ಕಡೆ ಚಾಚಿದ. ಸಭೆಯೆಲ್ಲ ಗೊಳ್ಳೆಂದಿತು. ನಾನು ಗಿಟಾರನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಒಳಗೆ ಕೈ ಇಟ್ಟೆ.

ಟವೆಲಿನ ಒಳಗಿನ ಮಾತು ಹೊರಗೆ ಹೇಳಬಾರದು. ಆದರೂ ಹೇಳುತ್ತೇನೆ: ಅಪ್ಪ ಐದೂ ಬೆರಳು ಹಿಡಿದಿದ್ದ.