ಜುಬೇದಾ ಆಪಾರ ಮೂಗು

ಲಿಫ್ಟಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಜುಬೇದಾ ಆಪಾರ ಮೂಗು ಒಳಗೆ ಹೋಗಿರುತ್ತಿತ್ತು. ಹೊಳ್ಳೆಗಳು ಒಂದು ಸಲ ಅರಳಿ ಮುಚ್ಚಿದವೆಂದರೆ ತೀರ್ಪು ಹೊರಬಿತ್ತೆಂದೇ ಅರ್ಥ. "ಎಂಟನೇ ಮಹಡಿಯಾಗ ಯಾರೋ ಒಣ ಸೀಗಡಿ ಹುರ್ಯಾಕತ್ತಾರ. ನಮ್ಮ ಮ್ಯಾಲಿನ ತಮಿಳ ಅಕ್ಕ ಇವತ್ತ ಸಾಂಬಾರಿಗೆ ಇಂಗು ಜಾಸ್ತಿ ಹಾಕ್ಯಾಳ." ವಿಚಾರಿಸಿದರೆ ಎರಡೂ ನಿಜವೇ ಆಗಿರುತ್ತಿದ್ದವು. ಮಲಯ್ ದೇಶದ ಮೆಲಾಕಾ ಊರಿನಲ್ಲಿ, ಕಾಂಡೊ ಎನ್ನುವ ನಮ್ಮ ಬಹುಮಹಡಿ ವಸತಿಯಲ್ಲಿ ಎಲ್ಲರೂ ಆ ಮೂಗಿನ ಕಥೆ ಹೇಳಿಕೊಂಡು ನಗುತ್ತಿದ್ದೆವು.

ನಾನು ಗದಗಿನವಳು. ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಆಪಾ ಬಾಗಲಕೋಟೆ ಕಡೆಯ ಹಳ್ಳಿಯವರು. ಗಂಡನ ಕೆಲಸದ ಬೆನ್ನು ಹತ್ತಿ ಬಂದು ಇಲ್ಲೇ ನೆಲೆಸಿದವರು. ನಮ್ಮಿಬ್ಬರದೂ ಮನೆಯಲ್ಲಿ ದಖನಿ ಉರ್ದು ಮಾತೇ. ಆದರೆ ಪ್ರೀತಿ ಉಕ್ಕಿದಾಗಲೂ ಸಿಟ್ಟು ನೆತ್ತಿಗೇರಿದಾಗಲೂ ಆಪಾ ಬಾಗಲಕೋಟೆಯ ಕನ್ನಡಕ್ಕೆ ಇಳಿಯುತ್ತಿದ್ದರು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಡೆಂಗಿ ಜ್ವರದಿಂದ ಮಲಗಿದ್ದಾಗ ದಿನವೂ ಗಂಜಿ ತಂದು, "ಉಣ್ಣವಾ ಶಾಹೀನ, ಸತ್ತಗಿತ್ತೀ ಮತ್ತ!" ಎಂದು ಗದರಿಸಿ ಉಣಿಸಿದವರು ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥವರು ನೋಡಿದ ಕೂಡಲೇ ಗೊತ್ತಾಗುತ್ತಾರೆ ಎಂದು ಜನ ಹೇಳುತ್ತಾರೆ. ಸುಳ್ಳು. ಗೊತ್ತಾಗುವುದಿಲ್ಲ. ಅವರು ಗಂಜಿ ಕೊಡುತ್ತಾರೆ.

ಶುಕ್ರವಾರ ಮಧ್ಯಾಹ್ನ ಅವರ ಹಾಲ್‌ನಲ್ಲಿ ಹೆಂಗಸರ ಧರ್ಮಪಾಠ ನಡೆಯುತ್ತಿತ್ತು. ಚಹಾ, ತಿಂಡಿ, ಆಮೇಲೆ ಪಾಠ. "ಶುದ್ಧ ಇರಬೇಕವಾ" ಅನ್ನುವುದು ಅವರ ಬಾಯಲ್ಲಿ ಸದಾ ಇರುವ ಮಾತು. ಮೊದಮೊದಲು ಅದು ಸಾಮಾನುಗಳ ಸುದ್ದಿಯಾಗಿತ್ತು: ಯಾವ ಸಾಸ್ ತಿನ್ನಬಹುದು, ಯಾವ ಬ್ರಷ್ಷಿನ ಕೂದಲು ಯಾವ ಪ್ರಾಣಿಯದು. ಬರಬರುತ್ತಾ ಸಾಮಾನು ಹಿಂದೆ ಸರಿದು ಮನುಷ್ಯರು ಬಂದರು. ತಮಿಳು ಅಕ್ಕ ದೀಪಾವಳಿಗೆ ಕೊಡುತ್ತಿದ್ದ ಚಕ್ಕುಲಿ ನಿಂತಿತು. ಎಲ್ಲ ಜಾತಿಯವರೂ ಕೂತು ತಿನ್ನುತ್ತಾರೆಂದು ಮೂಲೆಯಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನ ಊಟ ನಿಂತಿತು. ದರ್ಗಾಕ್ಕೆ ಹೋಗುವವರ ಮನೆಯ ನೀರೂ ನಿಂತಿತು. ಅಡುಗೆಮನೆಯಲ್ಲಿ ಫೋನು ಹಚ್ಚಿಟ್ಟು, ಯಾವನೋ ಅರಚುವ ಭಾಷಣ ಕೇಳುತ್ತಾ ಈರುಳ್ಳಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಮಗ ಇಮ್ರಾನ್ ಕೂತು ಉಣ್ಣುತ್ತಿದ್ದ. ಇಲ್ಲೇ ಬೆಳೆದವನು. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನೊಮ್ಮೆ, "ಆಪಾ, ಊಟದ ಹೊತ್ತಿನಾಗರ ಇದನ್ನ ಬಂದ್ ಮಾಡ್ರಿ" ಅಂದೆ. "ಕಿವಿಗೆ ಒಳ್ಳೇದು ಬೀಳ್ಲೆವಾ" ಅಂದರು.

ಆಗ ನಮ್ಮ ಕಾಂಡೊಕ್ಕೆ ಬೀದರ್ ಕಡೆಯ ಸಕೀನಾ ಬಂದಳು. ಫಾರ್ಮಸಿಸ್ಟ್. ಗಂಡ ಮಿರ್ಜಾ ನಮ್ಮ ಕಾಲೇಜಿನಲ್ಲೇ ಹಲ್ಲಿನ ಡಾಕ್ಟರು, ನೊಣಕ್ಕೂ ದಾರಿ ಬಿಡುವಂಥ ಮನುಷ್ಯ. ಅವರಿಬ್ಬರೂ ಶಿಯಾಗಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಈ ದೇಶದಲ್ಲಿ ಆ ಪಂಥದವರು ತಮ್ಮ ಆಚರಣೆಯನ್ನು ಹೊರಗೆ ತೋರಿಸಿಕೊಳ್ಳುವಂತಿಲ್ಲ. ಬಾಯಿ ಮುಚ್ಚಿಕೊಂಡು, ಕೆಲಸ ಮಾಡಿಕೊಂಡು ಇರಬೇಕು. ಸಕೀನಾ ಹಾಗೆಯೇ ಇದ್ದಳು. ಹೊರಗೆ ಬಂದರೆ ಗುಲಾಬಿ ಅತ್ತರು ಘಮಘಮ ಅನ್ನುತ್ತಿತ್ತು. ಆಪಾರ ಮೂಗಿಗೆ ಅವಳೆಂದರೆ ಪಂಚಪ್ರಾಣ.

ಮೊಹರಂ ಬಂತು. ಆಪಾ ಬಾಗಲಕೋಟೆಯವರೆಂದು ಕೇಳಿದ್ದೇ, ಸಕೀನಾ ಬೆಲ್ಲ ಹಾಕಿದ ಸಿಹಿ ರೊಟ್ಟಿ, ಚೊಂಗೆ ಮಾಡಿ, ನಾನೂ ಅಲ್ಲಿದ್ದಾಗ ಆಪಾರ ಮನೆಗೆ ತಂದುಬಿಟ್ಟಳು. ನಮ್ಮ ಕಡೆ ಮೊಹರಮ್ಮಿಗೆ ಚೊಂಗೆ ಮಾಡದ ಮನೆಯುಂಟೇ? ಹಿಂದೂಗಳೂ ಮಾಡುತ್ತಾರೆ, ನಾವೂ ಮಾಡುತ್ತೇವೆ. ಆಪಾ ಒಂದು ಮುರಿದು ಬಾಯಿಗಿಟ್ಟುಕೊಂಡವರು ಕಣ್ಣು ಮುಚ್ಚಿದರು. ಇನ್ನೊಂದು ತಿಂದರು. "ಯವ್ವಾ, ಎಷ್ಟ ವರ್ಷಾತು! ನಮ್ಮಪ್ಪ ಮೊಹರಮ್ಮಿನ್ಯಾಗ ಅಲಾಯಿ ದೇವರ ಪಂಜಾ ಹಿಡೀತಿದ್ದ. ನಾವು ಹುಡುಗ್ಯಾರು ಬೆಂಕಿ ಕುಣಿ ಸುತ್ತ ಕುಣಕೋತ ಹೋಗ್ತಿದ್ವಿ. ಗೌಡರ ಮನಿಯವರು ದೇವರ ದೀಪಕ್ಕ ಎಣ್ಣಿ ಹಾಕ್ತಿದ್ರು." ಕಣ್ಣಲ್ಲಿ ನೀರು ತಂದುಕೊಂಡು, ಸಕೀನಾಳನ್ನು ತಬ್ಬಿಕೊಂಡರು. ತಬ್ಬಿಕೊಂಡಾಗ ಹೊಳ್ಳೆಗಳು ಅರಳಿದವು.

"ಯಾಕವಾ, ಅತ್ತರ ಹಚ್ಚಿಲ್ಲ? ನಾಕ ದಿನದಿಂದ ನೋಡಾಕತ್ತೀನಿ, ಮೈಯಾಗ ಘಮನ ಇಲ್ಲ. ಬರೇ ಕರೀ ಅರಿವಿ."

ನಾನು ಕಣ್ಸನ್ನೆ ಮಾಡಿದೆ. ಸಕೀನಾ ನೋಡಲಿಲ್ಲ. ಅಲಾಯಿ ಕುಣಿಯ ಸುತ್ತ ಕುಣಿದವಳು, ಚೊಂಗೆ ತಿಂದು ಅತ್ತವಳು ತನಗೆ ಹೇಗೆ ಶತ್ರುವಾದಾಳು ಎಂದುಕೊಂಡಳು ಪಾಪದ ಹುಡುಗಿ. "ನಿಮ್ಮ ಮುಂದ ಏನ್ ಮುಚ್ಚೂದದ ಆಪಾ? ಇದು ನಮಗ ದುಃಖದ ತಿಂಗಳು. ಅತ್ತರು ಹಚ್ಚಂಗಿಲ್ಲ. ನಾವು ಶಿಯಾ."

ಆಪಾ ಅವಳ ಕೆನ್ನೆ ಸವರಿ ಕಳಿಸಿಕೊಟ್ಟರು. ಬಾಗಿಲು ಹಾಕಿದವರೇ ಸಿಂಕಿಗೆ ಬಗ್ಗಿ, ಗಂಟಲಿಗೆ ಬೆರಳು ತೂರಿಸಿ, ತಿಂದದ್ದನ್ನೆಲ್ಲ ಕಕ್ಕಿದರು. ಉಳಿದ ಚೊಂಗೆ ಕಸದ ಕೊಳವೆಗೆ ಹೋಯಿತು. ನಾನು ಡಾಕ್ಟರು, ಬೇಕಾದಷ್ಟು ವಾಂತಿ ನೋಡಿದ್ದೇನೆ. ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

"ಆಪಾ, ಅಕಿ ನಿಮ್ಮನ್ನ ನಂಬಿ ಹೇಳ್ಯಾಳ. ಇದು ಹೊರಗ ಹೋದ್ರ ಅವರ ಬಾಳೇವು ಹಾಳಾಗ್ತೈತಿ" ಅಂದೆ.

"ನಾ ಯಾಕ ಹೇಳ್ಲೆವಾ?" ಅಂದರು, ಬಾಯಿ ಒರೆಸಿಕೊಂಡು.

ಮುಂದಿನ ಶುಕ್ರವಾರ ಹಾಲ್ ತುಂಬಿತ್ತು. ಆಪಾ ಹೆಸರು ಹೇಳಲಿಲ್ಲ. "ನಮ್ಮ ಕಾಂಡೊದಾಗ ನಾತ ಬರಾಕತ್ತೈತಿ. ಈ ತಿಂಗಳ ಕರೀ ಅರಿವಿ ಉಟ್ಟು, ಅತ್ತರ ಬಿಟ್ಟವರು ಯಾರಂತ ನೀವ ಮೂಸಿ ನೋಡ್ರಿ" ಎಂದು ದಖನಿಯಲ್ಲೊಮ್ಮೆ, ಮಲಯ್‌ನಲ್ಲೊಮ್ಮೆ ಹೇಳಿದರು. ನಾನು ಎದ್ದು ನಿಂತು, "ನಾಚಿಕಿ ಆಗಂಗಿಲ್ಲೇನ್ರಿ?" ಎಂದು ಕೂಗಿ ಹೊರಗೆ ಬಂದೆ. ನನ್ನ ಹಿಂದೆ ಒಬ್ಬಳೂ ಏಳಲಿಲ್ಲ. ಇಮ್ರಾನ್ ಬಾಗಿಲ ಬಳಿ ತಿಂಡಿಯ ತಟ್ಟೆ ಹಿಡಿದು ನಿಂತಿದ್ದ.

ವಾರ ಕಳೆಯುವುದರೊಳಗೆ ಕಾರ್ ಪಾರ್ಕಿನಲ್ಲಿ ಅವನೂ ಅವನ ಗೆಳೆಯರೂ ಹೆಲ್ಮೆಟ್ಟಿನಿಂದ ಮಿರ್ಜಾನ ಮುಖಕ್ಕೆ ಹೊಡೆದರು. ಆಸ್ಪತ್ರೆಗೆ ಕರೆದೊಯ್ದವಳು ನಾನು. ಪೊಲೀಸರಿಗೆ ಹೇಳಿದರೆ ಯಾಕೆ ಹೊಡೆದರೆಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಹೊಡೆಸಿಕೊಂಡವನೇ ಅಪರಾಧಿಯಾಗುತ್ತಾನೆ. ಅದಕ್ಕೇ ಮಿರ್ಜಾ ಡ್ಯೂಟಿ ಡಾಕ್ಟರಿಗೆ, "ಮೆಟ್ಟಿಲಿಂದ ಜಾರಿ ಬಿದ್ದೆ" ಅಂದ. ಎಡಗಣ್ಣು ಹೋಯಿತು. ಒಂದು ಕಣ್ಣಿನ ಹಲ್ಲಿನ ಡಾಕ್ಟರು! ಗಂಡ ಹೆಂಡತಿ ಸಾಮಾನು ಕಟ್ಟಿಕೊಂಡು ಬೀದರಿಗೆ ಹೋದರು. ಹೋಗುವಾಗ ಸಕೀನಾ ನನ್ನನ್ನು ತಬ್ಬಿಕೊಳ್ಳಲಿಲ್ಲ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ ಅವಳು.

ಆಪಾ ನನ್ನ ಮನೆಗೆ ಬಂದು, "ಛೇ, ಹಂಗ ಹೊಡೀಬಾರದಿತ್ತವಾ. ಹುಡುಗ್ರು, ಬಿಸಿ ರಕ್ತ. ನಾನೇನ ಹೊಡೀರಿ ಅಂದಿದ್ನೇನು?" ಅಂದರು. ನಿಜವೇ. ಹೊಡೀರಿ ಅಂತ ಅವರು ಎಂದೂ ಅಂದವರಲ್ಲ. ಮೂಸಿರಿ ಅಂದರು, ಅಷ್ಟೇ. ನಾನು ಮುಖಕ್ಕೆ ಬಾಗಿಲು ಹಾಕಿದೆ.

ಆಮೇಲೆ ಆದದ್ದನ್ನು, ಮೇಲಿನಿಂದ ಜಗಳ ಕೇಳಿಸಿಕೊಂಡ ತಮಿಳು ಅಕ್ಕ ಹೇಳಿದಳು. ಊರಿಂದ ಆಪಾರ ತಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಳೆಯ ಫೋಟೋ ಒಂದನ್ನು ಹಾಕಿದ್ದನಂತೆ: ಅವರಪ್ಪ ಅಲಾಯಿ ದೇವರನ್ನು ಎತ್ತಿ ಹಿಡಿದದ್ದು, ಪಕ್ಕದಲ್ಲಿ ಲಂಗ ತೊಟ್ಟ ಪುಟ್ಟ ಜುಬೇದಾ, ಬಾಯಿತುಂಬ ನಗು. ಇಮ್ರಾನ್ ಅದನ್ನು ನೋಡಿದ. ಅಂದಿನಿಂದ ಆ ಮನೆಯ ರಂಪ ಮೇಲಿನ ಮಹಡಿಗೂ ಕೇಳುತ್ತಿತ್ತು.

ಕೊನೆಯ ಸಲ ಆಪಾ ನನ್ನ ಬಾಗಿಲಿಗೆ ಬಂದದ್ದು ಒಂದು ಬೆಳಿಗ್ಗೆ. ಕೈಯಲ್ಲಿ ಸ್ಟೀಲ್ ಡಬ್ಬಿ. ಬಿರಿಯಾನಿ ಇನ್ನೂ ಹಬೆಯಾಡುತ್ತಿತ್ತು. ಯಾವತ್ತೂ ಮೊದಲು ಒಳಗೆ ಬರುತ್ತಿದ್ದ ಆ ಮೂಗು ಅಂದು ಕೆಂಪಗಾಗಿ ಸುರಿಯುತ್ತಿತ್ತು.

"ಇಮ್ರಾನ ನನ್ನ ಕೈಯಾಗಿಂದು ಉಣ್ಣವಲ್ಲವಾ. ತಾಟ ಬ್ಯಾರೆ ಮಾಡ್ಯಾನ. ನೀ ವಿಗ್ರಹ ಹೊತ್ತವನ ಮಗಳು, ನಿನ್ನ ಕೈ ನಾತ ಬರ್ತೈತಿ ಅಂತಾನ. ಹೆತ್ತ ತಾಯಿಗೆ!" ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಲಗೈಯನ್ನು ನನ್ನ ಮುಖದ ಹತ್ತಿರ ಚಾಚಿದರು. "ನಿನಗ ಇದ ಕೈಯಾಗ ಗಂಜಿ ಉಣಿಸೀನಿ. ನೀನರ ಮೂಸಿ ನೋಡು. ಖರೇ ಹೇಳು, ನಾತ ಬರ್ತೈತೇನು?"

ಮೂಸಿದೆ. ತುಪ್ಪ, ಏಲಕ್ಕಿ, ಅದರ ಕೆಳಗೆ ತಿಕ್ಕಿ ತಿಕ್ಕಿ ತೊಳೆದ ಸಾಬೂನು. ಜ್ವರದ ದಿನಗಳಲ್ಲಿ ನನ್ನ ಬಾಯಿಗೆ ಬಂದ ಕೈ ಅದು. ಮಿರ್ಜಾನ ಕಣ್ಣಿಗೆ ಸುತ್ತಿದ್ದ ಬಟ್ಟೆ ನೆನಪಾಯಿತು.

"ಬರ್ತೈತ್ರಿ ಆಪಾ" ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡು, ತಾವೇ ಒಮ್ಮೆ ಮೂಸಿ ನೋಡಿಕೊಂಡರು.