ನನಗೆ ಅಂಟಿದ ‘ರಿಸರ್ವ್ಡ್’ ಎಂಬ ಮಾತು

ಮೊಮ್ಮಕ್ಕಳೇ, ನಿಮ್ಮ ಅಮ್ಮನನ್ನು ಗಂಡಿನವರು ನೋಡಿಕೊಂಡು ಹೋದ ನಾಲ್ಕನೆಯ ದಿನ ಮಧ್ಯಸ್ಥರು ಮನೆಗೆ ಬಂದರು. ಅವರು ನಿಮ್ಮ ತಾತನ ಗೆಳೆಯರು, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ನಿಮ್ಮ ತಾತ ತೀರಿಕೊಂಡು ಆಗ ಆರು ವರ್ಷವಾಗಿತ್ತು. ನಿಮ್ಮ ಅಮ್ಮ ಅದೇ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಗಂಡಿನವರು ಹೊಳೆನರಸೀಪುರದವರು, ಹುಡುಗನಿಗೆ ಅರಕಲಗೂಡಿನಲ್ಲಿ ಕೆಲಸ. ಮುಂದೇನಾಯಿತೆಂದು ನಿಮಗೆ ಗೊತ್ತು. ಆ ದಿನ ನನಗೆ ಗೊತ್ತಿರಲಿಲ್ಲ.

“ಹುಡುಗಿ ಎಲ್ರಿಗೂ ಇಡ್ಸವ್ಳೆ ಕಣಮ್ಮ. ಆದ್ರೆ ಹುಡುಗಿ ತಾಯಿ ಬಲೇ ರಿಸರ್ವ್ಡು ಅಂತ ಮಾತು ಬಂತು. ಹುಡುಗನ ತಾಯಿ ಹಿಂದು ಮುಂದು ನೋಡ್ತಾವ್ರೆ. ಗುರುವಾರ ಇನ್ನೊಂದು ಹೆಣ್ಣು ನೋಡಕ್ಕೆ ಓಯ್ತಾರಂತೆ,” ಎಂದರು.

ಅಂದು ಸೋಮವಾರ. ಆ ಮಾತಿನ ಅರ್ಥವೇನೆಂದು ಅವರನ್ನು ಕೇಳಲು ಬಾಯಿ ಬರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಸಂಜೆ ನಿಮ್ಮ ಅಮ್ಮ ಶಾಲೆಯಿಂದ ಬಂದು ಕೈಕಾಲು ತೊಳೆಯುವ ಮೊದಲೇ ಕೇಳಿಬಿಟ್ಟೆ.

“ರಿಸರ್ವ್ಡ್ ಅಂದ್ರೇನೇ?”

“ಯಾರಿಗಂದ್ರು?”

“ಯಾರಿಗೋ. ಬಸ್ ಸ್ಟ್ಯಾಂಡಲ್ಲಿ ಕೇಳಿಸ್ತು.”

“ಮಾತು ಕಮ್ಮಿ, ಮನಸ್ಸಲ್ಲಿರೋದು ಆಚೆ ಬಿಡಲ್ಲ ಅಂತ. ನಮ್ಮ ಶಾಲೇಲಿ ಸುಮ್ಮನಿರೋ ಮಗೂಗೂ ಅಂತೀವಿ, ಯಾರ ಜತೇಲೂ ಸೇರದ ಟೀಚರಿಗೂ ಅಂತೀವಿ.”

“ಒಳ್ಳೆ ಮಾತಾ, ಕೆಟ್ಟ ಮಾತಾ?”

ಅವಳು ನಕ್ಕಳು. “ಗಂಡಸಿಗಂದ್ರೆ ಗಾಂಭೀರ್ಯ ಕಣಮ್ಮ. ಹೆಂಗಸಿಗಂದ್ರೆ ಜಂಬ.”

ಇಂಥ ಮಾತು ನನಗೆ ಹೊಸದೇನಲ್ಲ. ತವರಿನಲ್ಲಿ ನನ್ನನ್ನು ಮುಖೇಡಿ ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಮುದ್ದಿತ್ತು. ಅತ್ತೆ ಗುಮ್ಮನಗುಸುಕ ಎನ್ನುತ್ತಿದ್ದರು, ಅದರಲ್ಲಿ ಅನುಮಾನವಿತ್ತು. ಗಂಡನನ್ನು ಕಳೆದುಕೊಂಡ ಮೇಲೆ ಅದೇ ನಡತೆಗೆ ಊರವರು ‘ಮರ್ಯಾದಸ್ಥೆ’ ಎಂದರು. ನಾನೇನೂ ಬದಲಾಗಿರಲಿಲ್ಲ. ಆದರೆ ಈ ಇಂಗ್ಲಿಷಿನ ಮಾತು ನನ್ನ ಮೇಲಷ್ಟೇ ನಿಲ್ಲದೆ ಮಗಳ ಮದುವೆಯ ಮೇಲೆ ಕೂತಿತ್ತು.

ನಾನು ಮಾಡಿದ್ದೇನೆಂದು ಅವತ್ತು ನಿದ್ದೆಗೆಟ್ಟು ಯೋಚಿಸಿದೆ. ಅವರು ಬಂದ ದಿನ ನಾನು ಅಡುಗೆಮನೆಯಲ್ಲೇ ಇದ್ದೆ. ಕುಂಕುಮ, ಎಲೆ ಅಡಿಕೆ ಎಲ್ಲ ನನ್ನ ವಾರಗಿತ್ತಿ ಕೊಟ್ಟಳು, ಮಾತೆಲ್ಲ ಭಾವ ಆಡಿದರು. ಹೊರಡುವ ಹೊತ್ತಿಗೆ ಹುಡುಗನ ತಾಯಿ ಅಡುಗೆಮನೆಯ ಹತ್ತಿರ ಬಂದು, “ಓಗ್ಬತ್ತೀವಿ ಕಣವ್ವ,” ಎಂದರು. ಶುಭಕಾರ್ಯಕ್ಕೆ ಬಂದವರು ಹೊರಡುವಾಗ ನನ್ನಂಥವಳು ಎದುರಾಗಬಾರದೆಂದು ನಾನು ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗಿಬಿಟ್ಟೆ. ಮಗಳಿಗೆ ಒಳ್ಳೆಯದಾಗಲೆಂದು ತಿರುಗಿದ್ದೆ. ಅವರು ಕಂಡದ್ದು ನನ್ನ ಬೆನ್ನು.

ನಾನೇ ಹೋಗಿ ಇದನ್ನು ಅವರಿಗೆ ಹೇಳಿಬರಬೇಕೆನಿಸಿತು. ಭಾವನಿಗೆ ಹೇಳಿದರೆ, ‘ಹೆಣ್ಣಿನವರು ತಾವಾಗಿ ಹೋಗಿ ಕಾಲಿಗೆ ಬೀಳೋದುಂಟೇ’ ಎನ್ನುತ್ತಾರೆ. ಮಂಗಳವಾರ ಬೆಳಗ್ಗೆ, ಹಾಸನಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ನಿಮ್ಮ ಅಮ್ಮನಿಗೆ ಸುಳ್ಳು ಹೇಳಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಇಳಿಯುವಾಗ ಒಂದಕ್ಷರ ಉಳಿದಿರಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು ಕೊಂಡೆ. ಅವರ ಬೀದಿಯ ತಿರುವಿನಲ್ಲಿ ಎರಡು ಸಲ ಹಿಂದಕ್ಕೆ ಬಂದೆ. ಬೇಡವಾದ ಸಂಬಂಧಕ್ಕೆ ನಾನೇ ಗೋಗರೆಯಲು ಬಂದೆನೆಂದು ತಿಳಿದರೆ? ಮಗಳ ಮಾನವನ್ನೂ ಕಳೆದಂತಾದರೆ?

ಹುಡುಗನ ತಾಯಿ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನನ್ನನ್ನು ನೋಡಿ ಕೈ ನಿಂತಿತು. “ಬನ್ನಿ,” ಎಂದರು. ‘ಬಾರವ್ವ’ ಎನ್ನಲಿಲ್ಲ. ಹಣ್ಣು ಇಟ್ಟು ಕೂತೆ. ಬಟ್ಟಲಿಗೆ ಕೈಹಾಕಿ ನಾನೂ ಕಾಳು ಹಿತುಕತೊಡಗಿದೆ. ಒಂದು ಹಿಡಿ ಮುಗಿದಿರಬೇಕು. ತಲೆ ಎತ್ತದೆಯೇ ಹೇಳಿದೆ.

“ಅಕ್ಕಾ, ಅವತ್ತು ನಿಮ್ಗೆ ಬೆನ್ನು ತೋರಿಸ್ದೆ. ನಾನು ಗಂಡ ಇಲ್ಲದೋಳು. ನೀವು ಒಳ್ಳೆ ಕೆಲಸಕ್ಕೆ ಬಂದೋರು. ನನ್ನ ಮುಖ ನೋಡ್ಕೊಂಡು ಹೊರಡಬಾರದು ಅಂತ.”

ಅವರು ನನ್ನ ಕಡೆ ತಿರುಗಿದರು.

“ಅಷ್ಟೇಯಾ?”

“ಅಷ್ಟೇ ಅಕ್ಕಾ.”

“ಅಯ್ಯೋ ನಿನ್ನ! ಆ ದಿನದಿಂದ ನಾನು ಉಟ್ಟಿದ್ದ ಸೀರೆ ಸರಿ ಇರ್ನಿಲ್ವೇನೋ, ಟೀಚರಮ್ಮನ ತಾಯಿಗೆ ನಾವು ಕಣ್ಣಿಗೆ ಕಾಣ್ನಿಲ್ವೇನೋ ಅಂತ ಉರ್ಕೊಂಡು ಸಾಯ್ತಿದ್ದೀನಿ. ನನ್ ಮಗ ಬ್ಯಾರೆ, ಅವ್ರು ರಿಸರ್ವ್ಡು ಕಣಮ್ಮ, ಅದು ತಪ್ಪಲ್ಲ ಅಂತ ನಂಗೇ ಬುದ್ಧಿ ಹೇಳ್ದ!”

ಹಾಗಾದರೆ ಆ ಮಾತು ಹುಡುಗ ನನ್ನ ಪರವಾಗಿ ಆಡಿದ್ದು. ಮಧ್ಯಸ್ಥರ ಬಾಯಿಗೆ ಬರುವಷ್ಟರಲ್ಲಿ ಅದು ನನ್ನ ಮೇಲಿನ ದೂರಾಗಿತ್ತು. ನನಗೆ ಅಳು ಬಂತು, ತಡೆದುಕೊಂಡೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ.

“ನಿಮ್ ಭಾವ ಹೇಳಿದ್ ಕೇಳಾಯ್ತು. ಅವ್ರು ಹೇಳೋದ್ರಲ್ಲಿ ನಿನ್ ಮಗಳು ದೇವತೆ. ನೀನು ಹೇಳು, ಹೆಂಗೆ ಅವ್ಳು?”

ನನ್ನ ಮಗಳು ಹೇಗೆಂದು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಶಾಂತ ಸ್ವಭಾವ, ಹೊಂದಿಕೊಂಡು ಹೋಗುತ್ತಾಳೆ ಎನ್ನಬಹುದಿತ್ತು. ಎಲ್ಲರೂ ಹಾಗೇ ಹೇಳುವುದು. ಬಾಯಿ ಬೇರೆಯದನ್ನೇ ಹೇಳಿತು.

“ಕೋಪ ಜಾಸ್ತಿ ಅಕ್ಕಾ. ಬಂದ್ರೆ ಎರಡು ದಿನ ಮಾತಾಡಲ್ಲ. ಸುಳ್ಳು ಹೇಳಲ್ಲ, ಹೇಳೋರನ್ನ ಕಂಡ್ರೆ ಆಗಲ್ಲ. ನನಗೆ ಹುಷಾರಿಲ್ಲದಾಗ ರಾತ್ರಿಯೆಲ್ಲ ಕೂತಿರ್ತಾಳೆ, ಬೆಳಗ್ಗೆ ಕೇಳಿದ್ರೆ ಪೇಪರ್ ತಿದ್ದುತ್ತಿದ್ದೆ ಅಂತಾಳೆ.”

ಹೇಳಿ ಮುಗಿಸುತ್ತಿದ್ದಂತೆ ಕೈಯಾರೆ ಕೆಡಿಸಿದೆ ಎನಿಸಿತು. ಅವರು ಕಾಳು ಹಿತುಕುತ್ತಲೇ ಇದ್ದರು.

“ಸುಳ್ಳು ಹೇಳಲ್ಲ ಅಂದೆ. ರಾತ್ರಿ ಕೂತಿದ್ದು ಪೇಪರ್ ತಿದ್ದಕ್ಕಲ್ವಲ್ಲ?”

“ಅದೊಂದು ಹೇಳ್ತಾಳೆ.”

ಅವರು ಕೈ ಒರೆಸಿಕೊಂಡು ಎದ್ದು ಒಳಗೆ ಕೂಗಿದರು: “ಏನೂಂದ್ರೆ, ಗುರುವಾರದೋರಿಗೆ ಬರಾಕಿಲ್ಲ ಅಂತ ಪೋನ್ ಮಾಡಿ.” ಆಮೇಲೆ ನನಗೆ, “ಹಿತುಕಿದ ಬೇಳೆ ಸಾರು ಮಾಡ್ತೀನಿ, ಉಂಡ್ಕೊಂಡು ಓಗು,” ಎಂದರು.

ಸಂಜೆಯ ಬಸ್ಸಿನಲ್ಲಿ ವಾಪಸು ಬಂದೆ. ಮನೆಗೆ ಬಂದಾಗ ನಿಮ್ಮ ಅಮ್ಮ, “ಕಣ್ಣಿನ ಡಾಕ್ಟ್ರು ಏನಂದ್ರು?” ಎಂದು ಕೇಳಿದಳು. ಪರವಾಗಿಲ್ಲ ಅಂದರು ಎಂದೆ. ಅವಳ ಕೋಪದ ವಿಷಯ ಅಲ್ಲಿ ಹೇಳಿ ಬಂದದ್ದನ್ನು ಇವತ್ತಿಗೂ ಹೇಳಿಲ್ಲ. ನೀವೂ ಹೇಳಬೇಡಿ.