ಹಮ್ದಾಳ ಬಾವಿಯ ಚಿತ್ರ

ಹಮ್ದಾ ಊರಿನವರಿಗೆ ಕೊಡಬೇಕಾದ ಮುಯ್ಯಿ ಇನ್ನೂ ತೀರಿಲ್ಲ. ಊರಿಗೆ ಊರೇ ಗವಿಗಳಲ್ಲಿ ಬಾಳುವ ಉಮ್-ಸಿದ್ರದಲ್ಲಿ ಮನೆಗೊಬ್ಬರಂತೆ ಬಂದು ಅವಳಿಗೊಂದು ಬಾವಿ ತೋಡಿಕೊಟ್ಟಿದ್ದರು. ಅದಕ್ಕೆ ಕೂಲಿ ಯಾರೂ ಕೇಳುವುದಿಲ್ಲ. ಅವರ ಕುರಿಗಳ ಉಣ್ಣೆ ಕತ್ತರಿಸುವ ದಿನ, ಬಾರ್ಲಿ ಕೊಯ್ಯುವ ದಿನ, ಮದುವೆಗೆ ರೊಟ್ಟಿ ಸುಡುವ ದಿನ ಇವಳು ಹೋಗಿ ಮೈ ಬಗ್ಗಿಸಬೇಕು. ಈಗಲೂ ಹೋಗುತ್ತಿದ್ದಾಳೆ. ಬಾವಿಯೇ ಇಲ್ಲದ ಮೇಲೆ ಬಾವಿಯ ಸಾಲ ತೀರಿಸುವುದು ಎಂಥ ಕೆಲಸ ಅಂತ ಅವಳನ್ನೇ ಕೇಳಬೇಕು.

ಹಳೆಯ ಬಾವಿ ಒಂದಿತ್ತು. ಅದನ್ನು ತೋಡಿದ್ದು ಗಂಡನ ಅಜ್ಜ. ಪರವಾನಗಿ ಇಲ್ಲ ಅಂತ, ಆ ಗುಡ್ಡಗಳನ್ನು ಹಿಡಿದು ಕೂತ ಸೈನ್ಯದವರು ಬಂದು ಅದಕ್ಕೆ ಬಂಡೆ ಉರುಳಿಸಿ ಹೋದರು. ಆ ಅಜ್ಜನ ಕಾಲದಲ್ಲಿ ಪರವಾನಗಿ ಕೇಳುವವರೇ ಹುಟ್ಟಿರಲಿಲ್ಲ. ಎದುರು ಗುಡ್ಡದಲ್ಲಿ ಸೈನ್ಯದ ಕಾವಲಿನಲ್ಲಿ ಮೊನ್ನೆ ಮೊನ್ನೆ ಬಂದು ಕೂತ ವಲಸಿಗರ ಬಿಡಾರಕ್ಕೆ ಮಾತ್ರ ದಪ್ಪ ಕೊಳವೆಯಲ್ಲಿ ನೀರು ಬರುತ್ತದೆ. ಆ ಕೊಳವೆ ಹಾದುಹೋಗುವುದು ಹಮ್ದಾಳ ಹೊಲದ ಅಡಿಯಲ್ಲೇ. ಅವಳು ಯತ್ತಾ ಪೇಟೆಯಿಂದ ಟ್ಯಾಂಕರ್ ತರಿಸಬೇಕು. ದಾರಿಯಲ್ಲಿ ಸೈನ್ಯದವರು ಟ್ಯಾಂಕರ್ ಹಿಡಿದುಹಾಕಿದರೆ ಕುರಿಗಳು ನಾಲಿಗೆ ಚಾಚಿಕೊಂಡು ನಿಲ್ಲುವುದನ್ನು ನೋಡುತ್ತ ಕೂರಬೇಕು.

ಕೊನೆಗೆ ಅವಳ ಮೈದುನ ಖಲಫ್ ಒಂದು ಉಪಾಯ ಹೂಡಿದ. ಬಾವಿಯನ್ನು ಬಯಲಲ್ಲಿ ತೋಡಿದರೆ ತಾನೇ ಮೇಲೆ ಹಾರಾಡುವ ಡ್ರೋನಿಗೆ ಕಾಣುವುದು? ಕುರಿ ಕಟ್ಟುವ ಗವಿಯ ಒಳಗೇ ತೋಡೋಣ ಅಂದ. ತೋಡಿದರು. ಮಳೆನೀರು ಹಿಡಿದಿಡುವ ಬಾವಿ, ಬಾಯಿ ಕಿರಿದು, ಹೊಟ್ಟೆ ಅಗಲ. ಅಗೆದ ಮಣ್ಣನ್ನು ಹಿಂಡಿಯ ಚೀಲಗಳಲ್ಲಿ ತುಂಬಿ, ಕತ್ತೆಯ ಮೇಲೆ ಹೇರಿ, ಕುರಿ ಓಡಾಡುವ ಹಾದಿಯುದ್ದಕ್ಕೂ ಚೆಲ್ಲಿದರು. ಗುಡ್ಡದ ನೀರು ಒಳಗೆ ಇಳಿಯಲು ಮಾಡಿದ ಕಾಲುವೆಗೆ ಮುಳ್ಳುಗಿಡ ಮುಚ್ಚಿದರು. ಹಮ್ದಾಳ ಮಗ ರಾತಿಬ್ ಒಳಗೆಲ್ಲ ಗಾರೆ ಮೆತ್ತಿದ. ಊರಿಗೆಲ್ಲ ಗೊತ್ತು, ಊರಾಚೆ ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಆ ಚಳಿಗಾಲ ಒಳ್ಳೆಯ ಮಳೆ ಬಿತ್ತು, ಬಾವಿ ತುಂಬಿತು. ಆಗಲೇ ರಮಲ್ಲಾದಿಂದ ತಹಾನಿ ಅನ್ನುವ ಹುಡುಗಿ ಕ್ಯಾಮರಾ ನೇತುಹಾಕಿಕೊಂಡು ಬಂದಳು. ಸೈನ್ಯದವರು ಕೆಡವುವ ಪಟ್ಟಿಯಲ್ಲಿರುವ ಊರಿನ ಬದುಕನ್ನು ಚಿತ್ರ ತೆಗೆದು ರಮಲ್ಲಾದ ತೋಟವೊಂದರಲ್ಲಿ ಜನ ನೋಡಲಿ ಅಂತ ತೂಗುಹಾಕುತ್ತಾಳಂತೆ. ಹಮ್ದಾಳ ಗವಿಯಲ್ಲೇ ಉಳಿದಳು, ಅವಳನ್ನು ಖಾಲಾ, ಚಿಕ್ಕಮ್ಮ, ಅಂತ ಕರೆದಳು. ಒಳ್ಳೆಯ ಹುಡುಗಿ. ಹಾಲು ಕರೆಯಲು ಕೂತು ಕುರಿಯಿಂದ ಒದೆ ತಿಂದಳು, ಒಲೆ ಊದಿ ಹುಬ್ಬು ಸುಟ್ಟುಕೊಂಡಳು.

"ಖಾಲಾ, ಒಂಚೂರು ನಗಿ."

"ಹಲ್ಲಿಲ್ಲ ಕಣೆ ಮಗಳೇ. ನಾನು ನಕ್ರೆ ಅದೂ ಒಂದು ಗವಿ ಅಂತ ಸೈನ್ಯದೋರು ನೋಟಿಸ್ ಅಂಟಿಸ್ತಾರೆ."

ತಹಾನಿ ಊರು ಬಿಡುವ ದಿನ ಹಮ್ದಾ ಅವಳ ಕೈಹಿಡಿದು ಕುರಿಗವಿಗೆ ಕರೆದುಕೊಂಡು ಹೋದಳು. ಮನೆಯಲ್ಲಿರುವ ಒಳ್ಳೆಯದನ್ನು ಬಚ್ಚಿಟ್ಟು, ಅತಿಥಿಗೆ ಟ್ಯಾಂಕರಿನ ತುಕ್ಕುನೀರು ಕೊಟ್ಟು ಕಳಿಸಿದರೆ ಆ ಗುಡ್ಡಗಳಲ್ಲಿ ಹೆಂಗಸಿನ ಮಾನ ಉಳಿಯುವುದಿಲ್ಲ. ಚಪ್ಪಡಿ ಸರಿಸಿದಳು. ಹಗ್ಗ ಬಿಟ್ಟು ಸೇದಿದಳು.

"ಕುಡಿ. ನಮ್ಮದೇ ನೀರು."

ತಹಾನಿ ಬೊಗಸೆಯೊಡ್ಡಿ ಕುಡಿದಳು, ಮುಖಕ್ಕೂ ಎರಚಿಕೊಂಡಳು. "ಎಷ್ಟು ತಣ್ಣಗಿದೆ ಖಾಲಾ! ಇನ್ನೊಂದ್ಸಲ ಸೇದ್ತೀರಾ? ತೆಗೀತೀನಿ."

ಕುಡಿದವಳ ಗಲ್ಲದ ಮೇಲಿನ ಪಸೆ ಇನ್ನೂ ಆರಿಲ್ಲ, ಅಷ್ಟರಲ್ಲಿ ಬೇಡ ಅನ್ನುವುದು ಹೇಗೆ? ಬೇಡ ಅಂದರೆ ಕೊಟ್ಟ ಲೋಟವನ್ನು ಕಿತ್ತುಕೊಂಡ ಹಾಗೆ. ಚಿತ್ರ ಅಂದರೆ ಹಮ್ದಾಗೆ ಗೊತ್ತಿದ್ದದ್ದು ಗುರುತಿನ ಚೀಟಿಯ ಮೇಲಿನ ಹೆಬ್ಬೆರಳಗಲದ ಚಿತ್ರ. ಅದರಲ್ಲಿ ಮೂತಿ ಹಿಡಿಸಿದರೆ ಹೆಚ್ಚು. "ತೆಗಿ ಮಗಳೇ" ಅಂದಳು. ಇದು ಬಚ್ಚಿಟ್ಟ ಬಾವಿ ಅಂತ ಹೇಳಲಿಲ್ಲ. ತಹಾನಿಯೂ ಕೇಳಲಿಲ್ಲ. ಅಲ್ಲಿ ಗವಿಗೊಂದು ಹಳೇ ಬಾವಿ ಇದ್ದೇ ಇರುತ್ತದೆ, ಇದೂ ಅಂಥದ್ದೇ ಅಂದುಕೊಂಡಳು. ಹಮ್ದಾ ಬಗ್ಗಿ ಹಗ್ಗ ಎಳೆದಳು.

ಪ್ರದರ್ಶನ ತೆರೆಯುವ ದಿನ ಊರಿಗೆ ವ್ಯಾನು ಬಂತು. ಖಲಫ್ ಇಸ್ತ್ರಿ ಮಾಡಿದ ಕೋಟು ಹಾಕಿದ. ಹಮ್ದಾ ಎದೆಯ ಮೇಲೆ ಕಸೂತಿಯಿದ್ದ ಮದುವೆಯ ನಿಲುವಂಗಿ ತೊಟ್ಟಳು. ಸೈನ್ಯದ ತಪಾಸಣೆಯ ಗೇಟುಗಳಲ್ಲಿ ಕಾದು ಕಾದು ರಮಲ್ಲಾ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ತೋಟದ ಮರಗಳ ನಡುವೆ ತಂತಿ ಬಿಗಿದು ಚಿತ್ರಗಳನ್ನು ತೂಗುಹಾಕಿದ್ದರು. ಇವರ ಕತ್ತೆ, ಇವರ ಒಲೆ, ಇವರ ಮಕ್ಕಳು. ಜನ ಕೈಯಲ್ಲಿ ಷರಬತ್ತಿನ ಲೋಟ ಹಿಡಿದು ನೋಡುತ್ತಿದ್ದರು.

"ಅತ್ತಿಗೆ, ನಿಮ್ಮ ಕತ್ತೆ ನಿಮಗಿಂತ ಚೆನ್ನಾಗಿ ಬಂದಿದೆ" ಅಂದ ಖಲಫ್.

"ನಿನ್ನ ಹೆಸರು ಬರೀಲಿಲ್ವಲ್ಲ ಅದರ ಕೆಳಗೆ, ಸುಮ್ನಿರು."

ಇಬ್ಬರೂ ನಗುತ್ತ ಮುಂದಿನ ತಿರುವು ತಿರುಗಿದರು. ಅಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ಗೋಡೆಯೆತ್ತರಕ್ಕೆ, ಹಮ್ದಾ ಬಗ್ಗಿ ನಿಂತಿದ್ದಳು. ಹಗ್ಗ ಕೈಯಲ್ಲಿ, ಕಾಲ ಬಳಿ ಬಾವಿಯ ಬಾಯಿ, ರಾತಿಬ್ ಮೆತ್ತಿದ ಗಾರೆ ಹೊಸದಾಗಿ ಹೊಳೆಯುತ್ತಿತ್ತು. ಬೆನ್ನ ಹಿಂದೆ ಗವಿಯ ಬಾಗಿಲಲ್ಲಿ ಅಂಜೂರದ ಗಿಡ, ಅದರಾಚೆ ಎದುರು ಗುಡ್ಡದ ಬಿಡಾರದ ಕಬ್ಬಿಣದ ಗೋಪುರ. ಯಾವ ಗವಿ ಅಂತ ಕುರುಡನೂ ಹೇಳಬಹುದಿತ್ತು.

ಖಲಫ್‌ನ ನಗು ಹಾಗೇ ಒಣಗಿತು. "ಅತ್ತಿಗೆ... ಇದನ್ನ ಯಾಕೆ ತೋರಿಸಿದ್ರಿ?"

"ಬಾಯಾರಿದ್ಲು" ಅಂದಳು ಹಮ್ದಾ.

ತಹಾನಿ ಓಡಿಬಂದು ತಬ್ಬಿಕೊಂಡಳು. ಹಮ್ದಾ ಅವಳ ಕಿವಿಯಲ್ಲಿ ವಿಷಯ ಹೇಳಿದಳು. ಹುಡುಗಿಯ ಮುಖ ಸುಣ್ಣವಾಯಿತು.

"ಇಳಿಸು ಇದನ್ನ."

"ಇಳಿಸ್ತೀನಿ ಖಾಲಾ, ಈಗ್ಲೇ ಇಳಿಸ್ತೀನಿ. ಆದ್ರೆ..." ಅವಳು ತನ್ನ ಫೋನು ತೆಗೆದು ತೋರಿಸಿದಳು. "ಪ್ರದರ್ಶನದ ಪೋಸ್ಟರಿಗೂ ಇದನ್ನೇ ಹಾಕಿದೀವಿ. ವಾರದಿಂದ ಎಲ್ಲರ ಫೋನಲ್ಲೂ ಓಡಾಡ್ತಿದೆ."

"ಫೋನಿಂದ ತೆಗೆಸು."

"ಯಾರ್ ಯಾರ ಫೋನಿಂದ ತೆಗೆಸ್ಲಿ?"

ಆ ಹೊತ್ತಿಗೆ ಜನಕ್ಕೆ ಗುರುತು ಸಿಕ್ಕಿಬಿಟ್ಟಿತ್ತು. ಚಿತ್ರದ ಅಜ್ಜಿ, ಚಿತ್ರದ ಅಜ್ಜಿ ಅಂತ ಸುತ್ತುವರಿದರು. ಹಮ್ದಾಗೆ ಏನು ತೋಚಿತೋ, ಸೀದಾ ಹೋಗಿ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲಿನ ಬಿಳಿ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅಗಲಿಸಿದಳು. ಬಾವಿಯ ಬಾಯಿ ಮುಚ್ಚಲು ಹೋದರೆ ಗೋಪುರ ಕಾಣುತ್ತಿತ್ತು, ಗೋಪುರ ಮುಚ್ಚಿದರೆ ಬಾವಿ. ತುದಿಗಾಲಲ್ಲಿ ನಿಂತಳು. ಅತ್ತ ಸರಿದಳು, ಇತ್ತ ಸರಿದಳು.

ಜನ ಖುಷಿಯಾಗಿ ಚಪ್ಪಾಳೆ ತಟ್ಟಿದರು. "ಹಾಗೇ ಇರಿ ಅಜ್ಜಿ, ಹಾಗೇ! ಎಷ್ಟು ಚೆನ್ನಾಗಿ ನಿಂತಿದೀರಿ!" ಫೋನುಗಳು ಮೇಲೆದ್ದವು. ಅವಳು ಬೇಡ ಬೇಡ ಅಂತ ತಲೆಯಾಡಿಸಿದಳು. ಹಳ್ಳಿಯವಳ ನಾಚಿಕೆ ಅಂತ ಒಬ್ಬ ಹೆಂಗಸು ಮುದ್ದಿನಿಂದ ಅಂದಳು. ತೋಳು ನೋಯುವ ತನಕ ಹಮ್ದಾ ಹೊದಿಕೆ ಇಳಿಸಲಿಲ್ಲ.

ಊರಿಗೆ ಮರಳಿದ ಮೇಲೆ ಬಾವಿಯ ಮೇಲೆ ಹುಲ್ಲು ಒಟ್ಟಿದರು, ಹುಲ್ಲಿನ ಮೇಲೆ ಗೊಬ್ಬರ, ಅದರ ಮೇಲೆ ಕುರಿ ಕಟ್ಟಿದರು. ಅಂಜೂರದ ಗಿಡ ಕಡಿದರೆ ಗುರುತು ತಪ್ಪೀತೆಂದು ರಾತಿಬ್ ಕೊಡಲಿ ಎತ್ತಿದ. "ಗೋಪುರ ಕಡೀತೀಯೇನೋ?" ಅಂತ ಖಲಫ್ ಕೇಳಿದ ಮೇಲೆ ಕೆಳಗಿಟ್ಟ. ಜೀಪಿನ ಸದ್ದು ಕೇಳಿದಾಗಲೆಲ್ಲ ಹಮ್ದಾ ಹಿಟ್ಟಿನ ಕೈಯಲ್ಲೇ ಆಚೆ ಬರುತ್ತಿದ್ದಳು.

ಉಣ್ಣೆ ಕತ್ತರಿಸುವ ಕಾಲಕ್ಕೆ ಸೈನ್ಯದವರು ಬಂದರು. ಮುಂದೆ ಜೀಪು, ಹಿಂದೆ ಅಗೆಯುವ ಯಂತ್ರ, ಅದರ ಹಿಂದೆ ಕಾಂಕ್ರೀಟ್ ಕಲಸುವ ಲಾರಿ. ಬೇರೆ ಯಾವ ಗವಿಯತ್ತಲೂ ತಿರುಗಿ ನೋಡಲಿಲ್ಲ. ಕುರಿಗಳನ್ನು ಅಟ್ಟಿದರು, ಗೊಬ್ಬರ ಕೆರೆದರು, ಚಪ್ಪಡಿ ಎತ್ತಿದರು. ರಾತಿಬ್ ಅಡ್ಡ ಹೋದ. ಅವನನ್ನು ಮಂಡಿಯೂರಿಸಿ ಕೈಕಟ್ಟಿ ಕೂರಿಸಿದರು. ಲಾರಿಯ ಕಾಂಕ್ರೀಟ್ ಸುರಿಯುವ ದೋಣಿ ಬಾವಿಯ ಬಾಯಿಗೆ ಬಂತು. ನೀರು ಮೇಲೆ ಉಕ್ಕಿ, ಗವಿಯಿಂದ ಹೊರಗೆ ಹರಿದು, ಹಾದಿಯ ಮಣ್ಣಲ್ಲಿ ಇಂಗಿತು. ಕುರಿಗಳು ಆ ಕೆಸರನ್ನೇ ನೆಕ್ಕಿದವು.

ಹಮ್ದಾ ಅಧಿಕಾರಿಯ ಹತ್ತಿರ ಹೋದಳು.

"ಒಂದೇ ಮಾತು ಕೇಳ್ತೀನಿ. ನಿಂಗೆ ಹೆಂಗೆ ಗೊತ್ತಾಯ್ತಪ್ಪ? ಚಿತ್ರ ನೋಡಿದ್ಯಾ?"

ಅವನಿಗೆ ಅವಳ ಭಾಷೆ ಬರುತ್ತಿತ್ತು. "ಹಿಂದೆ ಸರಿಯಮ್ಮ" ಅಂದ.

"ಡ್ರೋನಲ್ಲಿ ನೋಡಿದ್ಯಾ? ಯಾರಾದ್ರೂ ಹೇಳಿದ್ರಾ? ಅಷ್ಟು ಹೇಳು ಸಾಕು. ಹೇಳಿದ್ರೆ ನಿಂದೇನು ಹೋಗುತ್ತೆ?"

"ಹಿಂದೆ ಸರಿ."

ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಡ್ರೋನು ಇರಬಹುದು ಅನ್ನುತ್ತಾನೆ ಖಲಫ್, ಅವಳ ಮುಖ ನೋಡದೆ. ಉಣ್ಣೆ ಕತ್ತರಿಸಲು ಹೋದಲ್ಲಿ ಹೆಂಗಸರು ಅವಳಿಗೆ ಮೊದಲು ಚಹಾ ಕೊಡುತ್ತಾರೆ. ಒಬ್ಬರೂ ಒಂದು ಕೆಟ್ಟ ಮಾತಾಡಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ತಹಾನಿ ಸುದ್ದಿ ಕೇಳಿ ಬಂದಳು, ಗಟ್ಟಿಯಾದ ಕಾಂಕ್ರೀಟಿನ ಮೇಲೆ ಕೂತು ಅತ್ತಳು. ಹಮ್ದಾಗೆ ಅವಳನ್ನು ಹೊಡೆಯಬೇಕು ಅನ್ನಿಸಿತು. ತಲೆ ಸವರಿದಳು. ಆಮೇಲೆ ಒಳಗೆ ಹೋಗಿ ಟ್ಯಾಂಕರಿನ ನೀರಲ್ಲಿ ಚಹಾ ಕಾಯಿಸಿದಳು, ಸಕ್ಕರೆ ಜಾಸ್ತಿ ಹಾಕಿ.

ತಹಾನಿ ಇಳಿಸಿದರೂ ಆ ಚಿತ್ರ ಈಗಲೂ ಊರೂರು ಸುತ್ತುತ್ತಿದೆ. ಎಷ್ಟೋ ದೇಶದ ಗೋಡೆಗಳಲ್ಲಿ ಹಮ್ದಾ ಬಗ್ಗಿ ನೀರು ಸೇದುತ್ತಲೇ ಇದ್ದಾಳೆ. ಹೋದ ತಿಂಗಳು ಅವಳು ಮಲಗುವ ಗವಿಗೂ ನೋಟಿಸ್ ಅಂಟಿಸಿದ್ದಾರೆ. ಇಷ್ಟು ಓದಿದ್ದೀರಿ, ಅಯ್ಯೋ ಪಾಪ ಅಂದಿರಬಹುದು. ಅದನ್ನು ನೀವೇ ಇಟ್ಟುಕೊಳ್ಳಿ. ಯಂತ್ರ ಬರುವ ದಿನ ಬಂದು ಆ ಗವಿಯ ಬಾಗಿಲಿಗೆ ಅಡ್ಡ ಕೂರುತ್ತೀರಾ? ಬರಲಾಗದಿದ್ದರೆ ಆ ಯಂತ್ರ ಕೊಳ್ಳುವವರಿಗೆ, ಮಾರುವವರಿಗೆ, ಕಣ್ಣುಮುಚ್ಚಿ ಕೂತ ನಿಮ್ಮ ಸರ್ಕಾರಕ್ಕೆ ಏನು ಹೇಳುತ್ತೀರಿ? ಏನೂ ಮಾಡುವುದಿಲ್ಲ ಅನ್ನುವುದಾದರೆ ಅದನ್ನಾದರೂ ಅವಳ ಮುಖ ನೋಡಿ ಹೇಳಿ.